ಹಳೇ ಕೇರಿ, ಎಲ್ಲರ ಮನೆ: ಶಿವಮೊಗ್ಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಮನೆ ರಿಪೇರಿ ಮಾಡಿಸುವವರು, ವಠಾರದಲ್ಲಿ ಬಾಡಿಗೆಗೆ ಇರುವವರು, ಸೈಟು ಹುಡುಕುತ್ತಿರುವವರು, ವಾರ್ಡ್ ಸಭೆಗೆ ಬರುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಆದಷ್ಟು ಅವರ ಮಾತಿನಲ್ಲೇ ಬರೆದಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಯಷ್ಟನ್ನೇ ಓದಿಕೊಂಡರೂ ಸಾಕು. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಒಂದು ಕೇರಿ ಚೇತರಿಸಿಕೊಂಡಾಗ ಅಲ್ಲಿ ಮೊದಲಿನಿಂದ ಇದ್ದವರು ಅಲ್ಲೇ ಇರಬೇಕು. ಉತ್ತರಗಳೆಲ್ಲ ಆ ಕಡೆಗೇ ವಾಲಿವೆ.

## ಮೊದಮೊದಲ ಪ್ರಶ್ನೆಗಳು

ಎಲ್ಲ ಆದಾಯದವರ ಮನೆ ಒಂದೇ ಕಡೆ ಅಂದ್ರೆ ಏನು? ಆಶ್ರಯ ಮನೆ ತರಾನಾ?

ಅಲ್ಲ. ಆಶ್ರಯ ಬಡಾವಣೆ ಬಡವರಿಗೆ ಮಾತ್ರ. ಮಿಶ್ರ ವಸತಿಯಲ್ಲಿ ಒಂದೇ ಓಣಿಯಲ್ಲಿ, ಕೆಲವೊಮ್ಮೆ ಒಂದೇ ಕಟ್ಟಡದಲ್ಲಿ, ಪೌರಕಾರ್ಮಿಕರ ಮನೆ, ಆಟೊ ಓಡಿಸುವವರ ಮನೆ, ಮೇಷ್ಟ್ರ ಮನೆ, ಅಂಗಡಿಯವರ ಮನೆ ಇರುತ್ತವೆ. ಮನೆಯ ಅಳತೆ ಬೇರೆ, ಬೆಲೆ ಬೇರೆ. ನೀರು, ಚರಂಡಿ, ಮೆಟ್ಟಿಲು, ಗೇಟು ಎಲ್ಲರಿಗೂ ಒಂದೇ.

ನಮಗಿದು ತೀರಾ ಹೊಸದೂ ಅಲ್ಲ. ಗಾಂಧಿ ಬಜಾರಿನ ಅಕ್ಕಪಕ್ಕದ ಓಣಿಗಳಲ್ಲಿ ಒಮ್ಮೆ ನಡೆದು ನೋಡಿ. ಮುಂದುಗಡೆ ಅಂಗಡಿ, ಮೇಲೆ ಮಾಲೀಕರ ಮನೆ, ಹಿತ್ತಿಲ ಕಡೆ ಸಾಲು ಕೋಣೆಗಳ ವಠಾರ. ಬೇರೆ ಬೇರೆ ಸಂಪಾದನೆಯವರು ಒಂದೇ ಬಾವಿಯ ಸುತ್ತ ಬದುಕಿದ್ದರು. ಆ ಕಾಲದ ಭೇದಭಾವ ನಮಗೆ ಬೇಡ, ಆ ಹತ್ತಿರ ಬೇಕು.

ಊರ ಹೊರಗೆ ಬೇಕಾದಷ್ಟು ಜಾಗ ಇದೆ. ಹಳೇ ಪೇಟೆಯಲ್ಲೇ ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಹೊರಗೆ ಸಿಗುವ ಜಾಗ ಅಗ್ಗ, ಅಲ್ಲಿಂದ ಮಾಡುವ ಬದುಕು ದುಬಾರಿ. ಬೆಳಿಗ್ಗೆ ಮೂರು ಮನೆ ಪಾತ್ರೆ ತೊಳೆದು, ಮಧ್ಯಾಹ್ನ ಹೂ ಕಟ್ಟಿ ಮಾರುವ ಹೆಂಗಸನ್ನು ಯೋಚಿಸಿ. ಅವರ ಮನೆ ಸೀಗೆಹಟ್ಟಿಯಲ್ಲಿದ್ದರೆ ನಡೆದೇ ಕೆಲಸಕ್ಕೆ ಹೋಗುತ್ತಾರೆ. ಊರಾಚೆಗೆ ಮನೆ ಸಿಕ್ಕರೆ ಬಸ್ಸಿಗೆ ಕಾಯುವುದರಲ್ಲೇ ಒಂದು ಮನೆಯ ಕೆಲಸ ತಪ್ಪಿ ಹೋಗುತ್ತದೆ. ಗೋವಿಂದಾಪುರ, ಗೋಪಿಶೆಟ್ಟಿಕೊಪ್ಪದ ಕಡೆ ಬಂದಿರುವ ಗುಂಪು ಮನೆಗಳು ಬೇಕಿದ್ದವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೊಂದೇ ದಾರಿ ಆಗಬಾರದು.

ಇನ್ನೊಂದು ಲೆಕ್ಕವೂ ಇದೆ. ಹಳೇ ಪೇಟೆಯಲ್ಲಿ ನಲ್ಲಿ, ಒಳಚರಂಡಿ, ಬೀದಿ ದೀಪ, ಶಾಲೆ ಈಗಾಗಲೇ ಇವೆ. ಮೆಗ್ಗಾನ್ ಆಸ್ಪತ್ರೆ ಹತ್ತಿರದಲ್ಲೇ ಇದೆ. ಹೊರಗೆ ಹೋದರೆ ಇವನ್ನೆಲ್ಲ ಮತ್ತೆ ಎಳೆಯಬೇಕು, ಅದಕ್ಕೆ ದುಡ್ಡು ಕೊಡುವವರು ನಾವೇ. ಸ್ಮಾರ್ಟ್ ಸಿಟಿ ಯೋಜನೆಗೆ ಶಿವಮೊಗ್ಗ 2016ರಲ್ಲಿ ಆಯ್ಕೆಯಾಯಿತು. ರಸ್ತೆ, ಫುಟ್‌ಪಾತು, ಚರಂಡಿಗಳಿಗೆ ಕೆಲಸ ನಡೆಯಿತು. ಅದೇ ರಸ್ತೆಯ ಬದಿಯಲ್ಲಿ ಬೀಗ ಜಡಿದ, ಸೂರು ಕುಸಿದ ಮನೆಗಳು ಇನ್ನೂ ಇವೆ. ಬೀದಿಗೆ ಹಾಕಿದ ದುಡ್ಡಿನ ಫಲ ಸಿಗಬೇಕಾದರೆ ಆ ಮನೆಗಳಲ್ಲಿ ದೀಪ ಹತ್ತಬೇಕು.

ಇಡಬ್ಲ್ಯುಎಸ್, ಎಲ್‌ಐಜಿ ಅಂತಾರಲ್ಲ, ನಾನು ಯಾವುದಕ್ಕೆ ಬರ್ತೀನಿ?

ಇಡೀ ಕುಟುಂಬದ ವರ್ಷದ ಆದಾಯ ನೋಡಿ. 2024ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0 ಪ್ರಕಾರ 3 ಲಕ್ಷ ರೂಪಾಯಿವರೆಗೆ ಇದ್ದರೆ ಆರ್ಥಿಕವಾಗಿ ದುರ್ಬಲ ವರ್ಗ, ಅಂದ್ರೆ ಇಡಬ್ಲ್ಯುಎಸ್; 3ರಿಂದ 6 ಲಕ್ಷ ಕಡಿಮೆ ಆದಾಯದ ವರ್ಗ, ಅಂದ್ರೆ ಎಲ್‌ಐಜಿ, 6ರಿಂದ 9 ಲಕ್ಷ ಮಧ್ಯಮ ಆದಾಯದ ವರ್ಗ, ಅಂದ್ರೆ ಎಂಐಜಿ. ದೇಶದಲ್ಲಿ ಎಲ್ಲೂ ನಿಮ್ಮ ಕುಟುಂಬಕ್ಕೆ ಪಕ್ಕಾ ಮನೆ ಇರಬಾರದು. ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೊದಲೇ ಜೋಡಿಸಿಟ್ಟುಕೊಳ್ಳಿ. ಆಧಾರಿನಲ್ಲಿರುವ ಹೆಸರು, ಖಾತೆಯಲ್ಲಿರುವ ಹೆಸರು ಅಕ್ಷರ ಅಕ್ಷರ ಹೊಂದುತ್ತದಾ ನೋಡಿ. ಸಣ್ಣ ವ್ಯತ್ಯಾಸಕ್ಕೇ ಅರ್ಜಿ ನಿಂತುಬಿಡುತ್ತದೆ.

## ಹಳೇ ಮನೆ, ರಿಪೇರಿ

ನಮ್ಮಜ್ಜನ ಕಾಲದ ಹೆಂಚಿನ ಮನೆ. ಕೆಡವೋದಾ, ರಿಪೇರಿ ಮಾಡ್ಸೋದಾ?

ಈ ಪ್ರಶ್ನೆಗೆ ಮನೆ ನೋಡದೆ ಉತ್ತರ ಹೇಳುವವರನ್ನು ನಂಬಬೇಡಿ. ಮೊದಲು ಮಳೆ ಜೋರಾಗಿರುವ ಒಂದು ದಿನ ಟಾರ್ಚು ಹಿಡಿದು ಅಟ್ಟ ಹತ್ತಿ. ನೀರು ಹೆಂಚಿನ ನಡುವಿಂದ ಬರುತ್ತಿದೆಯಾ, ಎರಡು ಮಾಡು ಸೇರುವ ಮೂಲೆಯಿಂದ ಬರುತ್ತಿದೆಯಾ ನೋಡಿ. ನಡುವಿಂದ ಆದರೆ ಒಡೆದ ಹೆಂಚು, ಬದಲಿಸಿದರೆ ಆಯಿತು. ಮೂಲೆಯಿಂದ ಆದರೆ ಅಲ್ಲಿರುವ ತಗಡು ತುಕ್ಕು ಹಿಡಿದಿರುತ್ತದೆ, ಅದನ್ನು ಬದಲಿಸಬೇಕು. ಎರಡಕ್ಕೂ ಮನೆ ಕೆಡವಬೇಕಿಲ್ಲ.

ಆಮೇಲೆ ಒಂದು ಸ್ಕ್ರೂಡ್ರೈವರ್ ತೆಗೆದುಕೊಳ್ಳಿ. ಪಕಾಸು, ಅಂದ್ರೆ ಮಾಡನ್ನು ಹೊರುವ ಇಳಿಜಾರು ಮರ, ಗೋಡೆಯ ಮೇಲೆ ಕೂರುವ ತುದಿಗೆ ಒತ್ತಿ. ಮಳೆ ಹೆಚ್ಚು ತಾಗುವುದು ಸೂರಿನ ಕಡೆ, ಹಾಗಾಗಿ ಮೊದಲು ಕೊಳೆಯುವುದೂ ಆ ತುದಿಯೇ. ಸ್ಕ್ರೂಡ್ರೈವರ್ ಒಳಗೆ ಇಳಿಯದಿದ್ದರೆ ಮರ ಗಟ್ಟಿ. ಬೆಣ್ಣೆಗೆ ಚುಚ್ಚಿದ ಹಾಗೆ ಇಳಿದರೆ ಗೆದ್ದಲು ಅಥವಾ ಕೊಳೆ. ಎಷ್ಟು ಉದ್ದ ಕೆಟ್ಟಿದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ. ಎಷ್ಟೋ ಸಲ ಎರಡಡಿ ತುದಿ ಮಾತ್ರ ಹೋಗಿರುತ್ತದೆ. ಅಷ್ಟನ್ನು ಕತ್ತರಿಸಿ, ಪಕ್ಕಕ್ಕೆ ಹೊಸ ಮರ ಜೋಡಿಸಿ ಬೋಲ್ಟು ಹಾಕಿದರೆ ಆಯಿತು. ಆ ಕಾಲದ ಹೊನ್ನೆ, ಮತ್ತಿ, ತೇಗದ ತೊಲೆಗಳನ್ನು ಈಗ ಕೊಳ್ಳಲು ಹೋದರೆ ಬೆಲೆ ಕೇಳಿಯೇ ವಾಪಸು ಬರುತ್ತೀರಿ.

ಮೂರನೆಯದು ಗೋಡೆ. ಮೇಸ್ತ್ರಿಯಿಂದ ತೂಗುಗುಂಡು ಬಿಡಿಸಿ ಗೋಡೆ ನೆಟ್ಟಗಿದೆಯಾ ನೋಡಿ. ಗೋಡೆ ಹೊಟ್ಟೆ ಬಿಟ್ಟಿದ್ದರೆ, ಅಥವಾ ಕಿಟಕಿಯ ಮೂಲೆಯಿಂದ ಓರೆಯಾಗಿ ನೆಲದವರೆಗೆ ಬಿರುಕು ಇಳಿದಿದ್ದರೆ, ಪಾಯ ಕುಸಿದಿರಬಹುದು. ಬಿರುಕಿನ ಮೇಲೆ ಅಡ್ಡಲಾಗಿ ಕಾಗದದ ಪಟ್ಟಿ ಅಂಟಿಸಿ ತಾರೀಖು ಬರೆಯಿರಿ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆದರೂ ಪಟ್ಟಿ ಹರಿಯದಿದ್ದರೆ ಅದು ಹಳೇ ಬಿರುಕು. ಹರಿದರೆ ಇಂಜಿನಿಯರನ್ನು ಕರೆಸಲೇಬೇಕು.

ನನ್ನ ಲೆಕ್ಕ ಇಷ್ಟು: ಗೋಡೆ ನೆಟ್ಟಗಿದ್ದು, ಅರ್ಧಕ್ಕಿಂತ ಜಾಸ್ತಿ ಮರ ಗಟ್ಟಿಯಿದ್ದರೆ ರಿಪೇರಿಯೇ ಸರಿ. ಪಾಯವೇ ಹೋಗಿದ್ದರೆ ಹೊಸದಾಗಿ ಕಟ್ಟಿ, ಮರ ಮತ್ತು ಹೆಂಚನ್ನು ಮತ್ತೆ ಬಳಸಿ.

ಮಣ್ಣಿನ ಗೋಡೆಗೆ ಸಿಮೆಂಟ್ ಹೊಡೆಸಿದ್ವಿ. ಎರಡೇ ಮಳೆಗಾಲಕ್ಕೆ ಹಕ್ಕಳೆ ಹಕ್ಕಳೆಯಾಗಿ ಉದುರ್ತಿದೆ. ಯಾಕೆ?

ಮಣ್ಣಿನ ಗೋಡೆ ನೆಲದಿಂದ ತೇವ ಎಳೆಯುತ್ತದೆ, ಬಿಸಿಲು ಬಂದಾಗ ಹೊರಗೆ ಬಿಡುತ್ತದೆ. ಸಿಮೆಂಟ್ ಪ್ಲಾಸ್ಟರು ಆ ದಾರಿಯನ್ನು ಮುಚ್ಚುತ್ತದೆ. ತೇವ ಒಳಗೇ ನಿಂತು ಸಿಮೆಂಟಿನ ಹಿಂದಿನ ಮಣ್ಣು ಮೆತ್ತಗಾಗುತ್ತದೆ. ಗಟ್ಟಿ ಸಿಪ್ಪೆ ಹೊರಗೆ, ಕೆಸರು ಒಳಗೆ. ಕೊನೆಗೆ ಸಿಪ್ಪೆ ತನ್ನ ಜೊತೆ ಒಂದು ಪದರ ಗೋಡೆಯನ್ನೂ ಕಿತ್ತುಕೊಂಡು ಬೀಳುತ್ತದೆ. ಮೇಲೆ ಮತ್ತೆ ಸಿಮೆಂಟ್ ಹಚ್ಚಿದರೆ ರೋಗ ಇನ್ನಷ್ಟು ಒಳಗೆ ಹೋಗುತ್ತದೆ.

ಸಿಮೆಂಟನ್ನು ನಿಧಾನ ಕೆತ್ತಿ ತೆಗೆಸಿ. ಒಂದು ಬೇಸಿಗೆ ಪೂರ್ತಿ ಗೋಡೆ ಒಣಗಲಿ. ಹಳ್ಳ ಬಿದ್ದ ಕಡೆ ಅದೇ ಬಗೆಯ ಮಣ್ಣು ಕಲಸಿ ತುಂಬಿಸಿ. ಅದರ ಮೇಲೆ ಸುಣ್ಣದ ಗಾರೆ: ಚೆನ್ನಾಗಿ ಅರಳಿದ ಸುಣ್ಣ ಒಂದು ಪಾಲು, ಮರಳು ಮೂರು ಪಾಲು. ಸುಣ್ಣ ಗಾಳಿ ಕುಡಿದು ನಿಧಾನಕ್ಕೆ ಗಟ್ಟಿಯಾಗುತ್ತದೆ. ಬಿಸಿಲಿಗೆ ಬೇಗ ಒಣಗಿದರೆ ಪುಡಿಯಾಗುತ್ತದೆ, ಅದಕ್ಕೇ ಒದ್ದೆ ಗೋಣಿಚೀಲ ಇಳಿಬಿಡಬೇಕು. ಬಣ್ಣಕ್ಕೆ ಸುಣ್ಣವೇ ಸಾಕು. ಪ್ಲಾಸ್ಟಿಕ್ ಪೇಂಟು ಹಚ್ಚಿದರೆ ಮತ್ತೆ ದಾರಿ ಮುಚ್ಚಿದಂತೆಯೇ.

ಗೋಡೆಗಿಂತ ಮೊದಲು ಗೋಡೆಯ ಬುಡ ನೋಡಿ. ಅಂಗಳದ ನೀರು ಗೋಡೆ ಕಡೆ ಹರಿಯುತ್ತಿದ್ದರೆ ಯಾವ ಗಾರೆಯೂ ಉಳಿಯುವುದಿಲ್ಲ. ಬುಡದಿಂದ ಆಚೆಗೆ ಇಳಿಜಾರು ಕೊಟ್ಟು ಚರಂಡಿಗೆ ಸೇರಿಸಿ. ಸೂರನ್ನು ಒಂದೆರಡು ಅಡಿ ಮುಂದಕ್ಕೆ ಚಾಚಿಸಿ. ಈ ಎರಡು ಕೆಲಸಕ್ಕೆ ಗಾರೆಗಿಂತ ಕಡಿಮೆ ಖರ್ಚು, ಲಾಭ ಜಾಸ್ತಿ.

ಹೆಂಚು ತೆಗೆದು ಶೀಟು ಹಾಕ್ಸಿದ್ರೆ ಕಡಿಮೆಯಲ್ಲಿ ಮುಗಿಯುತ್ತಲ್ವಾ?

ಮೊದಲ ವರ್ಷದ ಲೆಕ್ಕದಲ್ಲಿ ಮುಗಿಯುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಆ ಮನೆಯಲ್ಲಿ ಕೂರಲು ಆಗುವುದಿಲ್ಲ, ಮಳೆಗಾಲದಲ್ಲಿ ಮಾತು ಕೇಳಿಸುವುದಿಲ್ಲ. ಮಂಗಳೂರು ಹೆಂಚು ಒಂದು ಚದರ ಮೀಟರಿಗೆ ಸುಮಾರು 15 ಬೇಕು. ಇಳಿಸಿದ ಹೆಂಚಿನಲ್ಲಿ ಬಹುಪಾಲು ಪಾಚಿ ಉಜ್ಜಿ ಮತ್ತೆ ಹೊದಿಸಲು ಬರುತ್ತದೆ. ಒಡೆದಷ್ಟನ್ನು ಮಾತ್ರ ಕೊಂಡರೆ ಸಾಕು. ಹೆಂಚು ಕೈಯಾಡಿಸಲು ಜನ ಸಿಗದ ಕಡೆ ಬಣ್ಣದ ತಗಡನ್ನು ಹೆಂಚಿನ ಮೇಲೆ ಬೇರೆ ಚೌಕಟ್ಟಿನಲ್ಲಿ, ನಡುವೆ ಗಾಳಿ ಆಡುವಂತೆ ಎತ್ತರಿಸಿ ಹಾಕಿಸಬಹುದು.

ಒಂದು ಎಚ್ಚರಿಕೆ. ಹಳೇ ಸಿಮೆಂಟ್ ಶೀಟಿನಲ್ಲಿ ಕಲ್ನಾರು ಇರುತ್ತದೆ. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ಬರಬಹುದು. ಅಂಥ ಶೀಟನ್ನು ಮಿಷನ್ನಿನಲ್ಲಿ ಕೊಯ್ಯಬೇಡಿ, ಒಡೆಯಬೇಡಿ. ನೀರು ಹೊಡೆದು ಒದ್ದೆ ಮಾಡಿ ಇಡಿಯಾಗಿ ಇಳಿಸಿ. ಮಕ್ಕಳನ್ನು ಆ ದಿನ ನೆಂಟರ ಮನೆಗೆ ಕಳಿಸಿ.

ಅಣ್ಣತಮ್ಮಂದಿರ ಪಾಲಿನ ಮನೆ. ಯಾರೂ ಕೈ ಹಾಕ್ತಿಲ್ಲ, ಮನೆ ಬೀಳ್ತಾ ಇದೆ. ಏನು ಮಾಡೋದು?

ಹಳೇ ಪೇಟೆಯಲ್ಲಿ ಬೀಗ ಬಿದ್ದ ಮನೆಗಳ ಕಥೆ ಬಹುತೇಕ ಇದೇ. ಮೊದಲು ವಂಶವೃಕ್ಷ ಮಾಡಿಸಿ, ಯಾರ್ಯಾರಿಗೆ ಪಾಲಿದೆ ಎಂದು ಕಾಗದದಲ್ಲಿ ಬರೆದುಕೊಳ್ಳಿ. ಅಕ್ಕತಂಗಿಯರನ್ನು ಬಿಡಬೇಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಇದೆ. ಅವರ ಸಹಿಯಿಲ್ಲದೆ ಮಾಡಿದ ಕಾಗದ ಮುಂದೆ ಕೋರ್ಟಿಗೆ ಹೋಗುತ್ತದೆ.

ಪೂರ್ತಿ ಭಾಗ ಆಗುವವರೆಗೆ ಕಾಯಬೇಕಿಲ್ಲ. ಮಾಡು ಉಳಿಸಿಕೊಳ್ಳಲು ಒಬ್ಬರು ಖರ್ಚು ಹಾಕುತ್ತಾರೆ, ಆ ಮೊತ್ತ ಭಾಗ ಆಗುವಾಗ ಅವರಿಗೆ ಮೊದಲು ವಾಪಸಾಗುತ್ತದೆ ಎಂದು ಎಲ್ಲರೂ ಸಹಿ ಹಾಕಿದ ಒಪ್ಪಂದ ಸಾಕು. ಬೆಂಗಳೂರಲ್ಲಿ ನೆಲೆಸಿದ ತಮ್ಮ ಒಪ್ಪದಿರುವುದು ಸಾಮಾನ್ಯವಾಗಿ ದುಡ್ಡಿಗಲ್ಲ, ಪಾಲು ಹೋದೀತೆಂಬ ಭಯಕ್ಕೆ. ಕಾಗದ ಆ ಭಯ ತೆಗೆಯುತ್ತದೆ.

ವಠಾರದಲ್ಲಿ ಆರು ಸಂಸಾರ ಬಾಡಿಗೆಗಿದ್ದಾರೆ. ರಿಪೇರಿ ಮಾಡ್ಸಿದ್ರೆ ನನಗೇನು ಗಿಟ್ಟುತ್ತೆ?

ನ್ಯಾಯವಾದ ಪ್ರಶ್ನೆ. ಬಾಡಿಗೆ ಕಡಿಮೆ, ಅದಕ್ಕೇ ಮಾಲೀಕರು ರಿಪೇರಿ ಮಾಡಿಸುವುದಿಲ್ಲ. ರಿಪೇರಿ ಇಲ್ಲ, ಅದಕ್ಕೇ ಬಾಡಿಗೆ ಏರುವುದಿಲ್ಲ. ಈ ಸುಳಿಯಿಂದ ಹೊರಬರಲು ಎರಡೂ ಕಡೆಯವರು ಒಂದೊಂದು ಹೆಜ್ಜೆ ಇಡಬೇಕು. ಎರಡು ಕೋಣೆ ಖಾಲಿ ಮಾಡಿ ರಿಪೇರಿ, ಅಲ್ಲಿಗೆ ಮುಂದಿನ ಎರಡು ಸಂಸಾರ, ಹೀಗೆ ಸುತ್ತು ಹಾಕಿ. ಯಾರೂ ಹೊರಗೆ ಹೋಗಬೇಕಿಲ್ಲ, ನಿಮಗೆ ಬಾಡಿಗೆಯೂ ನಿಲ್ಲುವುದಿಲ್ಲ. ಮುಂದಿನ ಮೂರು ವರ್ಷ ಬಾಡಿಗೆ ಎಷ್ಟೆಷ್ಟು ಏರುತ್ತದೆ ಎಂದು ಕೆಲಸಕ್ಕೆ ಮೊದಲೇ ಬರೆದುಕೊಳ್ಳಿ. ಮೊದಲು ಮಾಡಿಸಬೇಕಾದದ್ದು ಶೌಚಾಲಯ ಮತ್ತು ಬಚ್ಚಲು. ಒಳಗೇ ಬಚ್ಚಲಿರುವ ಕೋಣೆಯನ್ನು ಬಾಡಿಗೆದಾರರು ಬೇಗ ಬಿಟ್ಟು ಹೋಗುವುದಿಲ್ಲ.

## ಹೊಸದಾಗಿ ಕಟ್ಟುವುದು, ದುಡ್ಡು ಹೊಂದಿಸುವುದು

ಸಣ್ಣ ಮನೆಯ ಖರ್ಚು ತುಂಬೋರು ಯಾರು? ಪುಕ್ಕಟೆ ಕೊಡೋಕಾಗುತ್ತಾ?

ಪುಕ್ಕಟೆ ಅಲ್ಲ. ನಾಲ್ಕು ಕಡೆಯಿಂದ ದುಡ್ಡು ಸೇರಬೇಕು. ಲೆಕ್ಕ ಹಿಡಿಯಲು ಒಂದು ಉದಾಹರಣೆ ಹೇಳುತ್ತೇನೆ. 400 ಚದರಡಿ ಕಟ್ಟಡ, ಚದರಡಿಗೆ 2,000 ರೂಪಾಯಿ ಎಂದುಕೊಳ್ಳಿ. 8 ಲಕ್ಷ ಆಯಿತು. ಮೇಲೆ ಹೇಳಿದ ಆವಾಸ್ 2.0 ಯೋಜನೆಯಲ್ಲಿ ಇಡಬ್ಲ್ಯುಎಸ್ ಮನೆಗೆ ಕೇಂದ್ರದಿಂದ 1.5 ಲಕ್ಷ, ರಾಜ್ಯದಿಂದ ಕನಿಷ್ಠ 1 ಲಕ್ಷ. ಉಳಿದದ್ದು 5.5 ಲಕ್ಷ. ಕುಟುಂಬ 50 ಸಾವಿರ ಕೈಯಿಂದ ಹಾಕಿ 3 ಲಕ್ಷ ಸಾಲ ಮಾಡಿದರೆ, ಶೇ 9ರ ಬಡ್ಡಿಗೆ 15 ವರ್ಷಕ್ಕೆ ತಿಂಗಳ ಕಂತು ಸುಮಾರು 3,040 ರೂಪಾಯಿ. ಇಬ್ಬರು ದುಡಿಯುವ ಮನೆಗೆ ಇದು ಬಾಡಿಗೆಯಷ್ಟೇ. ಇನ್ನೂ 2 ಲಕ್ಷ ಕಡಿಮೆ ಬಿತ್ತು.

ಆ 2 ಲಕ್ಷ ಎಲ್ಲಿಂದ? ಅದೇ ಕಟ್ಟಡದ ದೊಡ್ಡ ಮನೆಯನ್ನು ಮಾರುಕಟ್ಟೆ ಬೆಲೆಗೆ ಮಾರಿದಾಗ ಉಳಿಯುವ ಲಾಭದಿಂದ. ಒಂದು ದೊಡ್ಡ ಮನೆ ಒಂದು ಸಣ್ಣ ಮನೆಯ ಕೊರತೆ ತುಂಬುತ್ತದೆ. ಬೀದಿ ಕಡೆ ನಾಲ್ಕು ಅಂಗಡಿ ಇಟ್ಟು ಮಾರದೆ ಬಾಡಿಗೆಗೆ ಕೊಟ್ಟರೆ ಮುಂದಿನ ರಿಪೇರಿಗೂ ಆದಾಯ. ಆದರೆ ಇಲ್ಲಿ ನೆಲದ ಬೆಲೆ ಸೇರಿಸಿಲ್ಲ, ಗಮನಿಸಿದ್ರಾ? ಪೇಟೆಯ ನಡುವೆ ನೆಲಕ್ಕೆ ಮಾರುಕಟ್ಟೆ ಬೆಲೆ ಕೊಟ್ಟರೆ ಈ ಲೆಕ್ಕ ಮುರಿದುಬೀಳುತ್ತದೆ. ಪಾಲಿಕೆಯ, ಬೇರೆ ಇಲಾಖೆಯ ಅಥವಾ ಟ್ರಸ್ಟಿನ ಖಾಲಿ ಜಾಗ ಸಿಕ್ಕರೆ ಮಾತ್ರ ಕೆಲಸ ಆಗುತ್ತದೆ. ಸರ್ಕಾರಿ ಜಾಗವನ್ನು ಹರಾಜಿಗೆ ಹಾಕುವ ಸುದ್ದಿ ಬಂದಾಗ ನಾವು ಸುಮ್ನೆ ಕೂರಬಾರದು ಎನ್ನುವುದು ಇದಕ್ಕೇ.

2015ರ ಮೂಲ ಆವಾಸ್ ಯೋಜನೆಯಲ್ಲಿ ಪಾಲುದಾರಿಕೆಯ ಗುಂಪು ಮನೆಗಳಿಗೆ ಒಂದು ನಿಯಮವಿತ್ತು: ಶೇ 35ರಷ್ಟಾದರೂ ಇಡಬ್ಲ್ಯುಎಸ್ ಮನೆ ಇರಬೇಕು, ಒಟ್ಟು 250 ಮನೆಯಾದರೂ ಇರಬೇಕು. ಮೊದಲ ಅರ್ಧ ಮಿಶ್ರ ವಸತಿಗೇ ಹೇಳಿ ಮಾಡಿಸಿದ್ದು. ಎರಡನೇ ಅರ್ಧ ಮಾತ್ರ ಯೋಜನೆಗಳನ್ನು ಊರ ಹೊರಗೆ ತಳ್ಳಿತು. 250 ಮನೆಗೆ ಒಟ್ಟಿಗೆ ಜಾಗ ಹಳೇ ಪೇಟೆಯಲ್ಲಿ ಎಲ್ಲಿ ಸಿಗುತ್ತದೆ? ಹನ್ನೆರಡು ಮನೆ, ಇಪ್ಪತ್ತು ಮನೆಯ ಚಿಕ್ಕ ಚಿಕ್ಕ ಕಟ್ಟಡಗಳನ್ನು ಒಂದೇ ಯೋಜನೆಯಾಗಿ ಪರಿಗಣಿಸಬೇಕು ಎಂದು ಕೇಳುವುದು ನಮ್ಮಂಥ ಊರುಗಳಿಗೆ ಮುಖ್ಯ.

ಎಷ್ಟು ಮಹಡಿ ಕಟ್ಟಿದ್ರೆ ಒಳ್ಳೇದು? ಎತ್ತರ ಕಟ್ಟಿದ್ರೆ ಜಾಸ್ತಿ ಮನೆ ಸಿಗುತ್ತಲ್ಲ.

ಮನೆ ಜಾಸ್ತಿ ಸಿಗುತ್ತದೆ, ಲಿಫ್ಟೂ ಬರುತ್ತದೆ. ಲಿಫ್ಟ್ ಹಾಕಿಸುವ ಖರ್ಚಿಗಿಂತ ಅದನ್ನು ಓಡಿಸುವ ಖರ್ಚು ಬಡ ಕುಟುಂಬಕ್ಕೆ ಭಾರ. ಅದು ಕೆಟ್ಟು ನಿಂತ ದಿನ ಐದನೇ ಮಹಡಿಯ ಅಜ್ಜಿ ಮನೆಯಲ್ಲೇ ಬಂದಿ. ನೆಲಮಹಡಿ ಮತ್ತು ಮೇಲೆರಡು, ಇದು ನಮ್ಮ ಊರಿಗೆ ಹದ. ಕೆಳಗಿನ ಮನೆಗಳು ವಯಸ್ಸಾದವರಿಗೆ, ನಡೆಯಲು ಕಷ್ಟ ಇರುವವರಿಗೆ.

ಇಲ್ಲಿನ ಮಳೆಯನ್ನು ಮರೆತ ನಕ್ಷೆ ಬೇಡ. ಗಾಳಿಮಳೆ ಹೊಡೆಯುವುದು ಪಶ್ಚಿಮ, ನೈಋತ್ಯದಿಂದ. ಆ ಕಡೆಯ ಕಿಟಕಿಗೆ ಅಗಲವಾದ ಸಜ್ಜಾ ಬೇಕು. ತಾರಸಿಯ ಮೇಲೆ ಇಳಿಜಾರು ಮಾಡು ಇದ್ದರೆ ಸೋರುವ ಗೋಳು ತಪ್ಪುತ್ತದೆ, ಅದರಡಿ ಇಡೀ ಕಟ್ಟಡದವರು ಬಟ್ಟೆ ಒಣಗಿಸಬಹುದು. ಜುಲೈ ತಿಂಗಳಲ್ಲಿ 30 ಚದರ ಮೀಟರಿನ ಮನೆಯೊಳಗೆ ಒದ್ದೆ ಬಟ್ಟೆ ನೇತುಹಾಕಿ ಮಲಗಿದವರಿಗೆ ಇದರ ಬೆಲೆ ಗೊತ್ತು.

ನಮ್ಮ ಓಣಿಗೆ ತುಂಗೆ ನೀರು ಬರುತ್ತೆ. ಇಲ್ಲೇ ಕಟ್ಟಬಹುದಾ?

2019ರ ಆಗಸ್ಟ್‌ನಲ್ಲಿ ನಿಮ್ಮ ಗೋಡೆಗೆ ನೀರು ಎಲ್ಲಿವರೆಗೆ ಬಂದಿತ್ತು ಎಂಬುದೇ ಅಳತೆ. ಗಾಜನೂರಿನ ತುಂಗಾ ಜಲಾಶಯ ಚಿಕ್ಕದು. ಅದು ತುಂಬಿದ ಮೇಲೆ ಮೇಲಿನಿಂದ ಬಂದ ನೀರನ್ನು ಹೊಳೆಗೆ ಬಿಡಲೇಬೇಕು. ಹಾಗಾಗಿ ಶೃಂಗೇರಿ, ತೀರ್ಥಹಳ್ಳಿ ಕಡೆ ಮಳೆ ಜೋರಾದರೆ ಕುಂಬಾರಗುಂಡಿಯಂಥ ತಗ್ಗಿನ ಜಾಗದಲ್ಲಿ ನಿದ್ದೆ ಹೋಗುತ್ತದೆ.

ಮೊಣಕಾಲಿನಷ್ಟು ಬಂದಿದ್ದರೆ ಕಟ್ಟಬಹುದು: ಕೆಳಗೆ ಕಂಬ ನಿಲ್ಲಿಸಿ ಗಾಡಿ ಬಿಡುವ ಜಾಗ, ಮನೆಗಳು ಮೇಲಿನಿಂದ ಶುರು. ಕರೆಂಟಿನ ಮೀಟರು, ಬೋರ್ಡು ಎಲ್ಲ ಆ ಗುರುತಿಗಿಂತ ಮೇಲೆ. ಸಂಪಿನ ಬಾಯಿಗೆ ಎತ್ತರದ ಕಟ್ಟೆ. ಆಳೆತ್ತರ ಬಂದಿದ್ದರೆ ಅಲ್ಲಿ ಹೊಸ ಮನೆ ಬೇಡ. ಆ ಕುಟುಂಬಗಳಿಗೆ ಅದೇ ವಾರ್ಡಿನಲ್ಲಿ, ಎತ್ತರದ ಕಡೆ ಮನೆ ಕೊಡಬೇಕು. ತಗ್ಗಿನ ಜಾಗ ಆಟದ ಬಯಲಾಗಲಿ.

ಬಿಲ್ಡರ್ ಒಬ್ಬರು ಬಂದಿದ್ದಾರೆ. ಸಹಿ ಹಾಕೋ ಮುಂಚೆ ಏನು ನೋಡಬೇಕು?

500 ಚದರ ಮೀಟರಿಗಿಂತ ದೊಡ್ಡ ಜಾಗ ಅಥವಾ ಎಂಟಕ್ಕಿಂತ ಹೆಚ್ಚು ಮನೆ ಇದ್ದರೆ ರೇರಾ (ಕಟ್ಟಿ ಮಾರುವವರ ಮೇಲೆ ನಿಗಾ ಇಡುವ ಪ್ರಾಧಿಕಾರ) ನೋಂದಣಿ ಬೇಕು. ಬೆಲೆ ಕಾರ್ಪೆಟ್ ಏರಿಯಾ, ಅಂದ್ರೆ ಮನೆಯೊಳಗೆ ಬಳಸಲು ಸಿಗುವ ನೆಲದ ಅಳತೆ, ಅದರ ಮೇಲೆ ಇರಬೇಕು. ನೋಂದಾಯಿತ ಕರಾರು ಆಗುವ ಮೊದಲು ಬೆಲೆಯ ಶೇ 10ಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಮನೆ ಕೈಗೆ ಬಂದ ಐದು ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ ಕಟ್ಟಿದವರೇ ತಮ್ಮ ಖರ್ಚಿನಲ್ಲಿ ಸರಿಮಾಡಬೇಕು. ಸಣ್ಣ ಮನೆಗಳು ಮೊದಲು ಮುಗಿಯುತ್ತವಾ, ಕೊನೆಗಾ ಎಂದು ಕೇಳಿ. ಕೊನೆಗೆ ಎಂದರೆ ಒಪ್ಪಬೇಡಿ. ದೊಡ್ಡ ಮನೆ ಮಾರಿದ ಮೇಲೆ ಸಣ್ಣದರ ನೆನಪು ಯಾರಿಗೂ ಇರುವುದಿಲ್ಲ.

## ಒಟ್ಟಿಗೆ ಇರುವುದು

ಪಕ್ಕದಲ್ಲಿ ಬಡವರ ಮನೆ ಬಂದ್ರೆ ನಮ್ಮ ಸೈಟಿನ ಬೆಲೆ ಬೀಳಲ್ವಾ?

ಎಲ್ಲ ಕಡೆ ಒಂದೇ ಉತ್ತರ ಇಲ್ಲ. ಅಮೆರಿಕದಲ್ಲಿ ರೆಬೆಕಾ ಡೈಮಂಡ್, ಟಿಮ್ ಮೆಕ್ವೇಡ್ ಎಂಬ ಅರ್ಥಶಾಸ್ತ್ರಜ್ಞರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಅಳೆಯಿತು. ಸೊರಗಿದ ಬಡ ಕೇರಿಗಳಲ್ಲಿ ಕಡಿಮೆ ಬಾಡಿಗೆಯ ಹೊಸ ಮನೆಗಳು ಬಂದಾಗ ತೀರಾ ಹತ್ತಿರದ ಮನೆಗಳ ಬೆಲೆ ಸುಮಾರು ಶೇ 6.5 ಏರಿತು. ಹೆಚ್ಚಿನ ಆದಾಯದ ಬಿಳಿಯರ ಬಡಾವಣೆಗಳಲ್ಲಿ ಸುಮಾರು ಶೇ 2.5 ಇಳಿಯಿತು. ಅಲ್ಲಿನ ಅಂಕಿ ಇಲ್ಲಿಗೆ ಹಾಗೇ ಕೂರುವುದಿಲ್ಲ. ಆದರೆ ತಿರುಳು ಸರಿಯಿದೆ: ಹಾಳುಬಿದ್ದ ಜಾಗದಲ್ಲಿ ಗಟ್ಟಿ ಮನೆ ಬಂದರೆ ಸುತ್ತಲಿನವರಿಗೂ ಒಳ್ಳೆಯದೇ. ನಿಮ್ಮ ಪಕ್ಕ ಈಗ ಕುಸಿದ ಗೋಡೆ, ಕಸದ ರಾಶಿ ಇದೆ ಅಂದ್ರೆ ಬೆಲೆ ಆಗಲೇ ಬಿದ್ದಿದೆ.

ಮೇಂಟೆನೆನ್ಸ್ ಯಾರು ಕೊಡೋದು? ಅವರು ಕೊಡಲ್ಲ, ನಾವು ಕೊಡಬೇಕಾಗುತ್ತೆ.

ಮಿಶ್ರ ವಸತಿ ಸೋಲುವುದು ಹೆಚ್ಚಾಗಿ ಇಲ್ಲೇ, ಕಟ್ಟುವಾಗ ಅಲ್ಲ. ತಲಾ ಇಷ್ಟು ಎಂದು ಎಲ್ಲ ಮನೆಗೂ ಒಂದೇ ಮೊತ್ತ ಇಟ್ಟರೆ ಸಣ್ಣ ಮನೆಯವರು ಹಿಂದೆ ಬೀಳುತ್ತಾರೆ. ಚದರಡಿ ಲೆಕ್ಕ ಇಡಿ. ಚದರಡಿಗೆ 2 ರೂಪಾಯಿ ಎಂದರೆ 400 ಚದರಡಿಯವರು 800, ಸಾವಿರ ಚದರಡಿಯವರು 2,000 ಕೊಡುತ್ತಾರೆ. ಅಂಗಡಿಗಳ ಬಾಡಿಗೆ ನೇರ ಕಟ್ಟಡದ ನಿವಾಸಿಗಳ ಸಂಘದ ಖಾತೆಗೆ ಬರಲಿ.

ತಿಂಗಳ ಖರ್ಚು ಬೇರೆ, ದೊಡ್ಡ ರಿಪೇರಿಯ ನಿಧಿ ಬೇರೆ. ಹತ್ತು ವರ್ಷಕ್ಕೊಮ್ಮೆ ಹೊರಗೋಡೆಗೆ ಬಣ್ಣ, ಪೈಪು ಬದಲಾವಣೆ, ಮಾಡಿನ ಕೆಲಸ ಬಂದೇ ಬರುತ್ತದೆ. ಆ ನಿಧಿಯನ್ನು ಮೊದಲ ತಿಂಗಳಿಂದಲೇ ಬೇರೆ ಖಾತೆಯಲ್ಲಿ ಇಡಿ. ಸಂಘದ ಕಮಿಟಿಯಲ್ಲಿ ಸಣ್ಣ ಮನೆಯವರಿಗೂ ಬಾಡಿಗೆಯವರಿಗೂ ಸ್ಥಾನ ಇರಲೇಬೇಕು. ಲೆಕ್ಕವನ್ನು ಮೆಟ್ಟಿಲ ಬಳಿ ಬೋರ್ಡಿನಲ್ಲಿ ಬರೆದು ಹಾಕಿ. ಬೋರ್ಡಿನಲ್ಲಿ ಹೆಸರು ಕಂಡರೆ ಬಾಕಿ ಇಟ್ಟವರು ಯಾರೆಂದು ಊಹೆ ಮಾಡಬೇಕಿಲ್ಲ. ದೊಡ್ಡ ಮನೆಯವರ ಹೆಸರೂ ಅಲ್ಲಿ ಕಾಣುತ್ತದೆ.

ಜಾತಿ, ಊಟದ ವಿಷಯ ಬರಲ್ವಾ? ಬಾಯಿಬಿಟ್ಟು ಯಾರೂ ಹೇಳಲ್ಲ ಅಷ್ಟೆ.

ಬರುತ್ತದೆ. ಬಾಡಿಗೆ ಮನೆ ಕೇಳಲು ಹೋದಾಗ ಸಂಬಳದ ಮೊದಲು "ನಿಮ್ಮದು ಯಾವ ಜನ?" ಎಂದು ಕೇಳುವ ಊರು ನಮ್ಮದು. ಹಾಗಾಗಿ ಆದಾಯ ಬೆರೆತರೆ ಸಾಕಾಗುವುದಿಲ್ಲ, ಹಂಚಿಕೆಯ ನಿಯಮವೇ ಗಟ್ಟಿಯಿರಬೇಕು. ಯಾವ ಮನೆ ಯಾರಿಗೆ ಎಂಬುದು ಎಲ್ಲರೆದುರು ಚೀಟಿ ಎತ್ತಿ ತೀರ್ಮಾನ ಆಗಲಿ. ಒಂದು ಬ್ಲಾಕು ಇವರಿಗೆ, ಇನ್ನೊಂದು ಅವರಿಗೆ ಅಂತ ಆಗಬಾರದು. ಸಿಂಗಪುರದಲ್ಲಿ 1989ರಿಂದ ಸರ್ಕಾರಿ ವಸತಿಯ ಪ್ರತಿ ಬ್ಲಾಕಿನಲ್ಲೂ ಚೀನಿ, ಮಲಯ, ಭಾರತೀಯ ಮೂಲದವರಿಗೆ ಮಿತಿ ಇದೆ, ಒಂದೇ ಗುಂಪು ತುಂಬಿಕೊಳ್ಳಬಾರದು ಎಂದು.

ಸಂಘದ ನಿಯಮ ಕಸ, ಸದ್ದು, ನೀರಿನ ಬಗ್ಗೆ ಇರಲಿ. ಒಲೆಯ ಮೇಲೆ ಏನು ಬೇಯುತ್ತದೆ ಎಂಬುದರ ಬಗ್ಗೆ ಇರಬಾರದು. ಅಡುಗೆಮನೆಗೆ ಒಳ್ಳೆಯ ಹೊಗೆಗೂಡು ಕೊಟ್ಟರೆ ಅರ್ಧ ಜಗಳ ಕಟ್ಟುವ ಹಂತದಲ್ಲೇ ತಪ್ಪುತ್ತದೆ.

## ಇನ್ನೂ ಆಳದ ಪ್ರಶ್ನೆಗಳು

ಕೇರಿ ಚೆಂದ ಆದ್ಮೇಲೆ ಬಾಡಿಗೆ ಏರಿ ಹಳಬರೇ ಹೊರಗೆ ಹೋಗ್ತಾರಲ್ಲ?

ಹೋಗುತ್ತಾರೆ, ತಡೆಯದಿದ್ದರೆ. ಅಮೆರಿಕ 1992ರಲ್ಲಿ ಹೋಪ್ ಸಿಕ್ಸ್ ಎಂಬ ಯೋಜನೆ ತಂದು ಕೆಟ್ಟುಹೋದ ಸರ್ಕಾರಿ ವಸತಿಗಳನ್ನು ಕೆಡವಿ ಮಿಶ್ರ ಆದಾಯದ ಬಡಾವಣೆ ಕಟ್ಟಿತು. ಹೊಸ ಬೀದಿಗಳು ಚೆಂದವಾದವು. ಮೊದಲು ಅಲ್ಲಿದ್ದವರಲ್ಲಿ ವಾಪಸು ಬಂದವರು ಕಡಿಮೆ. ಕೆಡವಿದಷ್ಟು ಬಡವರ ಮನೆ ಮತ್ತೆ ಕಟ್ಟಲಿಲ್ಲ.

ನಮ್ಮ ಜಿಲ್ಲೆಗೆ ಎತ್ತಂಗಡಿ ಅಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿ ಮುಳುಗಡೆಯವರು ಹಕ್ಕುಪತ್ರಕ್ಕಾಗಿ ಇಂದಿಗೂ ಅಲೆಯುತ್ತಿದ್ದಾರೆ. "ಆಮೇಲೆ ಕೊಡ್ತೀವಿ" ಎಂಬ ಬಾಯಿಮಾತಿಗೆ ಏನು ಬೆಲೆ ಎಂದು ಅವರನ್ನು ಕೇಳಿ.

ಅದಕ್ಕೇ ಕೆಲಸ ಶುರುವಾಗುವ ಮೊದಲು ಮನೆ ಮನೆ ಪಟ್ಟಿ ಆಗಬೇಕು. ಮಾಲೀಕರಷ್ಟೇ ಅಲ್ಲ, ಬಾಡಿಗೆಯವರ ಹೆಸರು, ಫೋಟೊ ಸಹಿತ. ವಾಪಸು ಬರುವ ಹಕ್ಕು ಕಾಗದದಲ್ಲಿ, ಹೊಸ ಮನೆಯ ನಂಬರಿನ ಸಮೇತ ಇರಬೇಕು. ಒಂದು ಪಾಲು ಮನೆ ಯಾವತ್ತೂ ಮಾರದೆ ಬಾಡಿಗೆಗೇ ಉಳಿಯಬೇಕು. ಸಬ್ಸಿಡಿ ಪಡೆದ ಮನೆಯನ್ನು ಇಷ್ಟು ವರ್ಷ ಮಾರುವಂತಿಲ್ಲ ಎಂಬ ಕಟ್ಟುಪಾಡೂ ಬೇಕು. ಇನ್ನೂ ಗಟ್ಟಿ ದಾರಿ ಎಂದರೆ ನೆಲ ಸಂಘದ ಅಥವಾ ಪಾಲಿಕೆಯ ಹೆಸರಲ್ಲಿ, ಮನೆ ಮಾತ್ರ ಕುಟುಂಬದ ಹೆಸರಲ್ಲಿ. ಆಗ ನೆಲದ ಬೆಲೆ ಏರಿದರೂ ಮನೆಯ ಬೆಲೆ ಕೈಗೆಟುಕುವಷ್ಟೇ ಇರುತ್ತದೆ. ಅಮೆರಿಕದ ಜಾರ್ಜಿಯಾದಲ್ಲಿ ಕರಿಯ ರೈತರು 1969ರಲ್ಲಿ ಈ ಬಗೆಯ ಭೂ ಟ್ರಸ್ಟ್ ಶುರು ಮಾಡಿದರು. ಘೋಷಿತ ಕೊಳಗೇರಿಯಾದರೆ 1973ರ ಕರ್ನಾಟಕ ಕೊಳಗೇರಿ ಕಾಯ್ದೆಯ ರಕ್ಷಣೆಯೂ ಇದೆ. ನಿಮ್ಮ ಕೇರಿ ಆ ಪಟ್ಟಿಯಲ್ಲಿದೆಯಾ ಎಂದು ಕೊಳಗೇರಿ ಅಭಿವೃದ್ಧಿ ಮಂಡಳಿಯ ಕಚೇರಿಯಲ್ಲಿ ವಿಚಾರಿಸಿ.

ಬೇರೆ ಎಲ್ಲಾದ್ರೂ ಇದು ಕೈ ಹತ್ತಿದೆಯಾ?

ಇಂದೋರಿನ 'ಅರಣ್ಯ' ಎಂಬ ಹೆಸರಿನ ಬಡಾವಣೆ ನೋಡಿ. ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ 1980ರ ದಶಕದಲ್ಲಿ ವಿನ್ಯಾಸ ಮಾಡಿದ್ದು, ಸುಮಾರು 6,500 ಸೈಟು. ಬಹುಪಾಲು ತೀರಾ ಬಡವರಿಗೆ. ಅವರಿಗೆ ಪೂರ್ತಿ ಮನೆ ಕಟ್ಟಿಕೊಡಲಿಲ್ಲ. ಪಾಯ, ಒಂದು ಶೌಚಾಲಯ, ನಲ್ಲಿ, ಕೆಲವು ಕಡೆ ಒಂದು ಕೋಣೆ. ದುಡ್ಡು ಕೂಡಿದ ಹಾಗೆ ಅವರೇ ಕೋಣೆ, ಜಗಲಿ, ಮಹಡಿ ಸೇರಿಸಿಕೊಂಡರು. ದೊಡ್ಡ ರಸ್ತೆ ಬದಿಯ ಸೈಟುಗಳನ್ನು ಉಳ್ಳವರಿಗೆ ಮಾರಿ ಬಂದ ಲಾಭ ಸಣ್ಣ ಸೈಟುಗಳಿಗೆ ಹೋಯಿತು. 1995ರಲ್ಲಿ ಇದಕ್ಕೆ ವಾಸ್ತುಶಿಲ್ಪದ ಆಗಾ ಖಾನ್ ಪ್ರಶಸ್ತಿ ಬಂತು. ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಜಗಲಿ, ಮೆಟ್ಟಿಲಿಗೆ ಕೊಟ್ಟ ಗಮನ. ಬೀದಿಗೂ ಮನೆಗೂ ನಡುವೆ ಕೂತು ಮಾತಾಡುವ ಜಾಗ ಮಲೆನಾಡಿನವರಿಗೆ ಹೇಳಿಕೊಡಬೇಕಾದ್ದಲ್ಲ.

ವಿಯೆನ್ನಾದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಪಾಲಿಕೆಯ ಅಥವಾ ಸಹಾಯಧನದ ಮನೆಗಳಲ್ಲಿದ್ದಾರೆ. ಮೇಷ್ಟ್ರು, ಡಾಕ್ಟರು, ಕೂಲಿಯವರು ಒಂದೇ ಕಟ್ಟಡದಲ್ಲಿ. ಅಲ್ಲಿ ಅದು ಬಡವರ ಗುರುತಲ್ಲ.

ಮಕ್ಕಳ ಮೇಲಿನ ಪರಿಣಾಮಕ್ಕೂ ಸಾಕ್ಷಿ ಇದೆ. ಅಮೆರಿಕದಲ್ಲಿ 1994ರಲ್ಲಿ ಶುರುವಾದ ಒಂದು ಪ್ರಯೋಗದಲ್ಲಿ ಬಡ ಕುಟುಂಬಗಳಿಗೆ ಕಡಿಮೆ ಬಡತನದ ಕಡೆ ಮನೆ ಮಾಡಲು ನೆರವು ಕೊಟ್ಟರು. 13 ವರ್ಷದೊಳಗೆ ಹಾಗೆ ಹೋದ ಮಕ್ಕಳು ದೊಡ್ಡವರಾದ ಮೇಲೆ ಉಳಿದವರಿಗಿಂತ ಶೇ 31ರಷ್ಟು ಹೆಚ್ಚು ದುಡಿಯುತ್ತಿದ್ದರು ಎಂದು 2016ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ತಡವಾಗಿ ಹೋದ ಹದಿಹರೆಯದವರಿಗೆ ಆ ಲಾಭ ಸಿಗಲಿಲ್ಲ. ಹತ್ತು ವರ್ಷ ಫೈಲು ಓಡಾಡುತ್ತಾ ಕೂತರೆ ಯಾರ ಬಾಲ್ಯ ಮುಗಿದುಹೋಗುತ್ತದೆ ಎಂಬುದನ್ನು ಇದು ತೋರಿಸುತ್ತದೆ.

ನಾವು ಒಂದು ಓಣಿಯವರು ಸೇರಿದ್ದೀವಿ. ಎಲ್ಲಿಂದ ಶುರು ಮಾಡೋದು?

ದೊಡ್ಡ ಹಾಳೆಯಲ್ಲಿ ಓಣಿಯ ನಕ್ಷೆ ಬರೆಯಿರಿ. ಯಾವ ಮನೆ ಖಾಲಿ, ಯಾವುದು ಸೋರುತ್ತಿದೆ, ಎಲ್ಲಿ ಬಾಡಿಗೆಯವರಿದ್ದಾರೆ, ಎಲ್ಲಿ ಶೌಚಾಲಯ ಇಲ್ಲ, ಎಲ್ಲ ಗುರುತು ಮಾಡಿ. ಆಮೇಲೆ ಮೂರು ಮನೆ ಮಾತ್ರ ಆರಿಸಿ: ಒಂದು ರಿಪೇರಿಗೆ, ಒಂದು ವಠಾರ, ಒಂದು ಖಾಲಿ ಜಾಗ. ಮೂರಕ್ಕೂ ಇಂಜಿನಿಯರಿಂದ ಎಸ್ಟಿಮೇಟ್ ಮಾಡಿಸಿ.

ಪಾಲಿಕೆಗೆ ಹೋಗುವಾಗ ಬರೀ ಮನವಿ ಒಯ್ಯಬೇಡಿ, ಯಾವ ದುಡ್ಡು ಕೇಳುತ್ತಿದ್ದೀರಿ ಎಂದು ಬರೆದು ಒಯ್ಯಿರಿ. ನಗರ ಸ್ಥಳೀಯ ಸಂಸ್ಥೆಗಳು ತಮ್ಮ ನಿಧಿಯಲ್ಲಿ ಶೇ 24.10 ಪರಿಶಿಷ್ಟ ಜಾತಿ, ಪಂಗಡದವರ ಏಳಿಗೆಗೆ, ಶೇ 7.25 ಇತರ ಬಡವರಿಗೆ ಎತ್ತಿಡಬೇಕು. ಈ ವರ್ಷ ಅದರಲ್ಲಿ ನಿಮ್ಮ ವಾರ್ಡಿಗೆ ಎಷ್ಟು ಬಂತು, ಮನೆ ರಿಪೇರಿಗೆ, ಶೌಚಾಲಯಕ್ಕೆ ಎಷ್ಟು ಖರ್ಚಾಯಿತು ಎಂದು ಲಿಖಿತವಾಗಿ ಕೇಳಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು.

ಅರ್ಜಿ, ಎಸ್ಟಿಮೇಟ್ ಎಲ್ಲ ಮಳೆಗಾಲದಲ್ಲೇ ಮುಗಿಸಿ. ಹೇಗೂ ಆಗ ಹೊರಗಿನ ಕೆಲಸ ಆಗುವುದಿಲ್ಲ. ದೀಪಾವಳಿ ಕಳೆದ ಮೇಲೆ ಹೆಂಚು ಇಳಿಸಿ, ಮರದ ಕೆಲಸ ಸಂಕ್ರಾಂತಿಯೊಳಗೆ, ಗಾರೆ ಯುಗಾದಿಯೊಳಗೆ ಮುಗಿಯಲಿ. ಪಾಲಿಕೆಯ ಆರ್ಥಿಕ ವರ್ಷವೂ ಮಾರ್ಚ್ 31ಕ್ಕೆ ಮುಗಿಯುತ್ತದೆ. ಬಿಲ್ಲು ಅಷ್ಟರೊಳಗೆ ಒಳಗೆ ಹೋಗಿರಬೇಕು.